ಹಳೇ ಆಸ್ಪತ್ರೆ ಸಾಫ್ಟ್‌ವೇರ್‌ಗೆ ಹೊಸದನ್ನು ಜೋಡಿಸಬೇಕು, ಎಲ್ಲಿಂದ ಶುರು ಮಾಡೋಣ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಐಟಿ ಕೆಲಸ ನೋಡಿಕೊಳ್ಳುತ್ತೇನೆ. ಸುಮಾರು ಇನ್ನೂರು ಹಾಸಿಗೆಯ ಆಸ್ಪತ್ರೆ. ನೋಂದಣಿ, ಬಿಲ್ಲಿಂಗ್, ಫಾರ್ಮಸಿ ಎಲ್ಲವೂ ವಿಷುಯಲ್ ಬೇಸಿಕ್ 6ರಲ್ಲಿ ಬರೆದ ಹಳೇ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತಿದೆ. ಅದರ ಹಿಂದೆ ಮಾಹಿತಿ ಇಡುವ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್ ಇದೆ. ಬರೆದವರು ಈಗ ಸಿಗುವುದಿಲ್ಲ. ಆದರೆ ಕೌಂಟರ್‌ನವರಿಗೆ ಅದು ಎಷ್ಟು ಕೈಗೆ ಕೂತಿದೆ ಅಂದರೆ, ಮೌಸ್ ಮುಟ್ಟದೆ ಬಿಲ್ ಹೊಡೆಯುತ್ತಾರೆ.

ಈಗ ಆಡಳಿತ ಮಂಡಳಿಯವರು ಹೊಸ ಲ್ಯಾಬ್ ಸಾಫ್ಟ್‌ವೇರ್ ತಗೊಂಡಿದ್ದಾರೆ. ಡಾಕ್ಟರುಗಳಿಗೆ ಟ್ಯಾಬ್‌ನಲ್ಲಿ ಕೇಸ್ ಶೀಟ್ ಕೂಡ ಬರುತ್ತಿದೆ. ಜೊತೆಗೆ ಆಸ್ಪತ್ರೆಗಳ ದಾಖಲೆಗಳನ್ನು ದೇಶದಾದ್ಯಂತ ಜೋಡಿಸುವ ಸರ್ಕಾರದ ಯೋಜನೆ, ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೂ ಸೇರಬೇಕಂತೆ. ಹಳೇದನ್ನು ಪೂರ್ತಿ ಕಿತ್ತು ಹಾಕಲು ಸದ್ಯಕ್ಕೆ ದುಡ್ಡಿಲ್ಲ. ಹೊಸ ಕಂಪನಿಯವರು "ಎಪಿಐ ಕೊಡಿ ಸರ್, ಜೋಡಿಸಿಕೊಡ್ತೀವಿ" ಅನ್ನುತ್ತಿದ್ದಾರೆ. ಎಪಿಐ, ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ಬಾಗಿಲು, ಇಷ್ಟು ಹಳೇ ಸಾಫ್ಟ್‌ವೇರ್‌ಗೆ ಎಲ್ಲಿಂದ ತರಲಿ? ಈ ಕೆಲಸ ಮಾಡಿದವರು ದಾರಿ ಹೇಳಿ.

ಸೇತುಬಂಧ:
ಎಪಿಐ ಇಲ್ಲದಿದ್ದರೂ ದಾರಿ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅದಕ್ಕೆ ಕಂಪ್ಯೂಟರ್ ಬೇಡ, ಒಂದು ದೊಡ್ಡ ಹಾಳೆ ಸಾಕು.

ರೋಗಿಯ ಹೆಸರು, ವಯಸ್ಸು, ಫೋನ್, ಯುಎಚ್‌ಐಡಿ (ಆಸ್ಪತ್ರೆ ಕೊಡುವ ರೋಗಿಯ ನಂಬರ್), ಅಲರ್ಜಿ, ವಾರ್ಡ್, ಬೆಡ್, ನೋಡುವ ಡಾಕ್ಟರ್, ಟೆಸ್ಟ್‌ಗಳ ಪಟ್ಟಿ, ಟೆಸ್ಟ್ ದರ, ರಿಸಲ್ಟ್, ಔಷಧಿ ಪಟ್ಟಿ. ಎಲ್ಲವನ್ನೂ ಸಾಲಾಗಿ ಬರೆಯಿರಿ. ಒಂದೊಂದರ ಮುಂದೆಯೂ ಅದರ ಯಜಮಾನ ಯಾರು ಅಂತ ಬರೆಯಿರಿ: ಹಳೇ ಸಾಫ್ಟ್‌ವೇರೋ, ಲ್ಯಾಬ್ ಸಾಫ್ಟ್‌ವೇರೋ, ಟ್ಯಾಬೋ. ಯಜಮಾನ ಒಬ್ಬನೇ ಇರಬೇಕು. ಹೆಸರು ತಿದ್ದುವುದು ನೋಂದಣಿ ಕೌಂಟರ್‌ನಲ್ಲಿ ಮಾತ್ರ ಅಂತ ಆಯಿತೋ, ಲ್ಯಾಬ್‌ನಲ್ಲಿ ಹೆಸರಿನ ಜಾಗಕ್ಕೆ ಬೀಗ ಬೀಳಬೇಕು. ಎರಡೂ ಕಡೆ ತಿದ್ದಲು ಬಿಟ್ಟರೆ ಒಂದೇ ಹೊಲಕ್ಕೆ ಇಬ್ಬರು ಪಹಣಿ ಹಿಡಿದು ಬಂದ ಹಾಗಾಗುತ್ತದೆ. ಯಾವುದು ಸರಿ ಅಂತ ರಾತ್ರಿ ಡ್ಯೂಟಿಯ ಸಿಸ್ಟರ್ ತೀರ್ಮಾನ ಮಾಡಬೇಕಾಗುತ್ತದೆ.

ಈ ಹಾಳೆ ತುಂಬಲು ನೋಂದಣಿ, ಬಿಲ್ಲಿಂಗ್, ಲ್ಯಾಬ್, ನರ್ಸಿಂಗ್, ರೆಕಾರ್ಡ್ಸ್, ಇಷ್ಟೂ ಜನ ಒಂದೇ ಕೋಣೆಯಲ್ಲಿ ಕೂರಬೇಕು. ಜಗಳ ಆಗುತ್ತದೆ, ಆಗಲಿ. ಈಗ ಆಗದ ಜಗಳ ಲೈವ್ ಹೋದ ಮೇಲೆ ರೋಗಿಯ ಮುಂದೆ ಆಗುತ್ತದೆ.

ಇನ್ನು ಜೋಡಣೆ. ಹಳೇ ಡೇಟಾಬೇಸ್‌ಗೆ ಹೊಸ ಕಂಪನಿಯವರನ್ನು ನೇರ ಬಿಡಬೇಡಿ. ಓದಲು ಮಾತ್ರ ಬರುವಂಥ ವ್ಯೂ, ಅಂದರೆ ಬೇಕಾದ ಮಾಹಿತಿಯಷ್ಟೇ ಕಾಣುವ ಕಿಟಕಿ, ಮಾಡಿಕೊಡಿ. ಹೊಸ ನೋಂದಣಿ, ವಾರ್ಡ್ ಬದಲಾವಣೆ, ಡಿಸ್ಚಾರ್ಜ್ ಇವನ್ನೆಲ್ಲ ಅಲ್ಲಿಂದ ಒಂದು ಚಿಕ್ಕ ಪ್ರೋಗ್ರಾಂ ಆಗಾಗ ಓದಿ, ಎಚ್‌ಎಲ್7 ಎರಡನೇ ಆವೃತ್ತಿಯ ಸಂದೇಶ ಮಾಡಿ ಕಳಿಸಲಿ. ಎಚ್‌ಎಲ್7 ಅಂದರೆ ಆಸ್ಪತ್ರೆ ಸಾಫ್ಟ್‌ವೇರ್‌ಗಳು ಮಾಹಿತಿ ಹಂಚಿಕೊಳ್ಳುವ ಮಾನದಂಡ, ಅದನ್ನು ರೂಪಿಸುವ ಎಚ್‌ಎಲ್7 ಸಂಸ್ಥೆ ಶುರುವಾಗಿದ್ದು 1987ರಲ್ಲಿ. ಆ ಕಾಲದ ಸಂದೇಶ ಈಗಲೂ ಆಸ್ಪತ್ರೆಗಳ ಒಳಗೆ ಓಡಾಡುತ್ತಿದೆ. ಬರೀ ಅಕ್ಷರಗಳ ಸಾಲು, ನಡುವೆ ಉದ್ದ ಗೀಟು. ಪಿಐಡಿ ಅನ್ನೋ ಸಾಲಿನಲ್ಲಿ ರೋಗಿ, ಓಬಿಆರ್‌ನಲ್ಲಿ ಟೆಸ್ಟ್, ಓಬಿಎಕ್ಸ್‌ನಲ್ಲಿ ರಿಸಲ್ಟ್. ಹೊಸ ಲ್ಯಾಬ್ ಸಾಫ್ಟ್‌ವೇರ್‌ಗೆ ಇದು ಗೊತ್ತಿರುವ ಸಾಧ್ಯತೆ ಜಾಸ್ತಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿ.

ಒಂದು ಎಚ್ಚರಿಕೆ. ಟ್ರಿಗರ್ (ಟೇಬಲ್‌ನಲ್ಲಿ ಏನಾದರೂ ಬದಲಾದ ಕೂಡಲೇ ತಾನೇ ಓಡುವ ಕೋಡ್) ಬರೆದು ಹಳೇ ಟೇಬಲ್‌ನಿಂದ ನೇರವಾಗಿ ಹೊರಗೆ ಸಂದೇಶ ಕಳಿಸುವ ಸಲಹೆ ಬರಬಹುದು. ಬೇಡ. ಟ್ರಿಗರ್ ಒಳಗೆ ಏನಾದರೂ ಕೈಕೊಟ್ಟರೆ ಬಿಲ್ ಕೂಡ ಸೇವ್ ಆಗುವುದಿಲ್ಲ. ಲ್ಯಾಬ್ ಲೈನ್ ಕೆಟ್ಟಿದ್ದಕ್ಕೆ ಕ್ಯಾಶ್ ಕೌಂಟರ್ ನಿಲ್ಲುತ್ತದೆ.

ನೇರಮಾತು:
ಇಷ್ಟೆಲ್ಲ ಯಾಕೆ? ಎಲ್ಲ ವಿಭಾಗಕ್ಕೂ ಒಂದೇ ಕಂಪನಿಯ ಸಾಫ್ಟ್‌ವೇರ್ ಹಾಕಿ, ಹಳೇದನ್ನು ಒಂದೇ ದಿನ ಬಂದ್ ಮಾಡಿ. ಜೋಡಿಸುವ ರಗಳೆಯೇ ಇರುವುದಿಲ್ಲ. ತೇಪೆ ಹಾಕುತ್ತಾ ಹೋದರೆ ಹತ್ತು ವರ್ಷವಾದರೂ ತೇಪೆಯೇ.

ಸೇತುಬಂಧ:
ನಿಮ್ಮ ಮಾತಿನಲ್ಲಿ ಒಂದು ನ್ಯಾಯ ಇದೆ. ತೇಪೆಗೆ ಕೊನೆಯ ದಿನ ಗೊತ್ತುಮಾಡದಿದ್ದರೆ ಅದು ಹಾಗೇ ಉಳಿದುಬಿಡುತ್ತದೆ. ಆದರೆ ಒಂದೇ ಕಂಪನಿಯ ಸಾಫ್ಟ್‌ವೇರ್ ತಂದರೂ ಜೋಡಣೆ ತಪ್ಪುವುದಿಲ್ಲ. ರಕ್ತಕಣ ಎಣಿಸುವ ಸೆಲ್ ಕೌಂಟರ್ ಮಷಿನ್ ಬೇರೆ ಕಂಪನಿಯದ್ದು, ಸಿಟಿ ಸ್ಕ್ಯಾನ್ ಬೇರೆಯದ್ದು, ವಿಮೆಯ ಪೋರ್ಟಲ್ ಬೇರೆ, ಸರ್ಕಾರಿ ಯೋಜನೆಯ ಪೋರ್ಟಲ್ ಬೇರೆ. ಇವೆಲ್ಲ ನಿಮ್ಮ ಒಂದೇ ಸಾಫ್ಟ್‌ವೇರ್‌ನ ಹೊರಗೇ ಇರುತ್ತವೆ.

ಥೇಮ್ಸ್‌ಕನ್ನಡಿಗ:
ನಾನು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಇದೇ ಕೆಲಸ ಮಾಡುತ್ತೇನೆ. ನೇರಮಾತು ಅವರು ಹೇಳಿದ್ದನ್ನು ಇಲ್ಲಿ ದೇಶದ ಮಟ್ಟದಲ್ಲೇ ಮಾಡಲು ಹೋದರು. 2002ರಲ್ಲಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ರಾಷ್ಟ್ರೀಯ ಐಟಿ ಯೋಜನೆ ಶುರುವಾಯಿತು. ಮೇಲಿಂದ ಆರಿಸಿದ ಕೆಲವೇ ಸಾಫ್ಟ್‌ವೇರ್, ಎಲ್ಲ ಆಸ್ಪತ್ರೆಗೂ ಅದೇ. 2011ರಲ್ಲಿ ಸರ್ಕಾರವೇ ಅದನ್ನು ಕಳಚುತ್ತೇವೆ ಅಂತ ಹೇಳಿತು. ಆಸ್ಪತ್ರೆ ಆಸ್ಪತ್ರೆಗೂ ಕೆಲಸದ ರೀತಿ ಬೇರೆ. ಆ ಕೆಲಸ ಮಾಡುವವರನ್ನು ಸರಿಯಾಗಿ ಕೇಳದೇ ಹೊರಟಿದ್ದು ದೊಡ್ಡ ಪೆಟ್ಟಾಯಿತು ಅಂತ ನನ್ನ ಅನಿಸಿಕೆ.

ಆದರೆ ಇಲ್ಲಿನ ಒಂದು ವಿಷಯ ನೀವೂ ತಗೊಳ್ಳಬಹುದು. ಇಲ್ಲಿ ರೋಗಿಗೆ ಕೊಡುವ ಎನ್‌ಎಚ್‌ಎಸ್ ನಂಬರ್ 10 ಅಂಕಿಯದ್ದು. ಕೊನೆಯ ಅಂಕಿ ಉಳಿದ ಒಂಬತ್ತರ ಲೆಕ್ಕದಿಂದ ಬರುತ್ತದೆ. ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೆ ಕಂಪ್ಯೂಟರ್ ಅಲ್ಲೇ ತಡೆಯುತ್ತದೆ. ಆಧಾರ್‌ನ ಕೊನೆಯ ಅಂಕಿಯೂ ಇಂಥದ್ದೇ. ನಿಮ್ಮ ಯುಎಚ್‌ಐಡಿ 1, 2, 3 ಅಂತ ಸುಮ್ನೆ ಏರುತ್ತಾ ಹೋಗುವ ನಂಬರ್ ಆಗಿದ್ದರೆ, ತಪ್ಪಾಗಿ ಹೊಡೆದ ನಂಬರ್ ಕೂಡ ಯಾರೋ ಒಬ್ಬ ನಿಜವಾದ ರೋಗಿಯದ್ದೇ ಆಗಿರುತ್ತದೆ. ಹೊಸ ನಂಬರ್ ಸರಣಿ ಶುರು ಮಾಡುವ ಅವಕಾಶ ಸಿಕ್ಕಿದರೆ ಈ ಪರೀಕ್ಷೆಯ ಅಂಕಿ ಸೇರಿಸಿ.

ರಕ್ತಪರೀಕ್ಷೆ:
ಲ್ಯಾಬ್ ಕಡೆಯಿಂದ ನಾನು ಹೇಳುತ್ತೇನೆ. ಈ ಚರ್ಚೆಗಳಲ್ಲಿ ಎಲ್ಲರೂ ವೈರ್, ಸರ್ವರ್, ಸಂದೇಶ ಅಂತ ಮಾತಾಡುತ್ತಾರೆ. ನಮ್ಮ ಅನಲೈಸರ್ (ರಕ್ತ ಪರೀಕ್ಷಿಸುವ ಮಷಿನ್) ಮಾತಾಡುವುದು ಇನ್ನೂ ಆರ್‌ಎಸ್232 ಅನ್ನೋ ಹಳೇ ಸೀರಿಯಲ್ ಕೇಬಲ್‌ನಲ್ಲಿ. ಅದು ಸಮಸ್ಯೆ ಆಗಲಿಲ್ಲ, ನೆಟ್‌ವರ್ಕ್‌ಗೆ ಬದಲಿಸುವ ಚಿಕ್ಕ ಡಬ್ಬಿ ಸಿಗುತ್ತದೆ. ನಿದ್ದೆ ಕೆಡಿಸುವುದು ಯೂನಿಟ್.

ಪ್ಲೇಟ್‌ಲೆಟ್ ತಗೊಳ್ಳಿ. ನಮ್ಮ ಕಡೆ ಲಕ್ಷದಲ್ಲಿ ಬರೆಯುವ ರೂಢಿ. 1.5 ಅಂದರೆ ಒಂದೂವರೆ ಲಕ್ಷ, ಡಾಕ್ಟರಿಗೂ ಅದೇ ಅಭ್ಯಾಸ, ಡೆಂಗೀ ರೋಗಿಯ ಮನೆಯವರಿಗೂ ಅದೇ. ಮಷಿನ್ ಕೊಡುವುದು ಸಾವಿರದಲ್ಲಿ, ಅಂದರೆ 150. ಹಳೇ ಸಾಫ್ಟ್‌ವೇರ್‌ನಲ್ಲಿ ಯಾರೋ ಯಾವತ್ತೋ ನೂರರಿಂದ ಭಾಗಿಸುವ ಸಾಲು ಬರೆದಿಟ್ಟಿರುತ್ತಾರೆ. ಅದು ಯಾರಿಗೂ ನೆನಪಿರುವುದಿಲ್ಲ. ಹೊಸ ಸಾಫ್ಟ್‌ವೇರ್‌ಗೆ ಹಳೇ ರಿಸಲ್ಟ್ ತುಂಬಿಸುವಾಗ 1.2 ಹಾಗೇ ಹೋಗುತ್ತದೆ, ಈ ಬೆಳಗ್ಗಿನ ರಿಸಲ್ಟ್ 118 ಅಂತ ಬರುತ್ತದೆ. ಗ್ರಾಫ್ ನೋಡಿದರೆ ರೋಗಿ ಒಂದು ರಾತ್ರಿಯಲ್ಲಿ ಸಾವಿನ ಅಂಚಿನಿಂದ ಎದ್ದು ಬಂದ ಹಾಗೆ ಕಾಣುತ್ತದೆ. ನಿಜಕ್ಕೂ 1.2 ಲಕ್ಷದಿಂದ 1.18 ಲಕ್ಷ, ಏನೂ ಬದಲಾಗಿಲ್ಲ.

ಇನ್ನೊಂದು ಅಪಾಯ ನೋಡಿ. ಲಕ್ಷದ 1.5 ಸಾವಿರದ ಜಾಗದಲ್ಲಿ ಕೂತರೆ ಹೊಸ ಸಾಫ್ಟ್‌ವೇರ್ ಕೆಂಪು ಗುರುತು ಹಾಕುತ್ತದೆ, ವಾರ್ಡ್‌ಗೆ ಫೋನ್ ಹೋಗುತ್ತದೆ. ನಾಲ್ಕು ಸಲ ಹೀಗೆ ಸುಳ್ಳು ಗಂಟೆ ಹೊಡೆದರೆ ಐದನೇ ಸಲ ಯಾರೂ ಓಡಿ ಬರುವುದಿಲ್ಲ. ಆ ಐದನೆಯದು ನಿಜವಾದದ್ದಾಗಿರಬಹುದು.

ಬಿಳಿ ರಕ್ತಕಣದ್ದೂ ಇದೇ ಕಥೆ, ಒಬ್ಬರಿಗೆ 7200, ಇನ್ನೊಬ್ಬರಿಗೆ 7.2. ಕ್ರಿಯಾಟಿನಿನ್ 1.1 ಮಿಲಿಗ್ರಾಂ ಅಂದರೆ ಇನ್ನೊಂದು ಯೂನಿಟ್‌ನಲ್ಲಿ 97. ಅದಕ್ಕೇ ಹೇಳುವುದು, ಯೂನಿಟ್ ಇಲ್ಲದ ರಿಸಲ್ಟನ್ನು ಹೊಸ ಸಾಫ್ಟ್‌ವೇರ್ ತಗೊಳ್ಳಲೇಬಾರದು. ಖಾಲಿ ಬಂದರೆ ವಾಪಸ್ ಕಳಿಸಬೇಕು. ನಾರ್ಮಲ್ ರೇಂಜ್ ಕೂಡ ರಿಸಲ್ಟ್ ಜೊತೆಯಲ್ಲೇ ಬರಬೇಕು. ಮ್ಯಾಪಿಂಗ್ ಪಟ್ಟಿಯನ್ನು (ಹಳೇದರ ಯಾವ ಟೆಸ್ಟ್, ಯೂನಿಟ್ ಹೊಸದರ ಯಾವುದಕ್ಕೆ ಸಮ ಅನ್ನೋ ಪಟ್ಟಿ) ಐಟಿಯವರು ಒಬ್ಬರೇ ಕೂತು ಮಾಡಬೇಡಿ. ಟೆಕ್ನೀಷಿಯನ್ ಪಕ್ಕದಲ್ಲಿ ಕೂರಲಿ, ಪೆಥಾಲಜಿಸ್ಟ್ ಸಾಲು ಸಾಲಿಗೂ ಸಹಿ ಹಾಕಲಿ.

ತುಂಗಾತೀರ:
ರಕ್ತಪರೀಕ್ಷೆ ಅವರೇ, ತುಂಬಾ ಉಪಕಾರ ಆಯಿತು. ಈಗಷ್ಟೇ ಹಳೇ ಕೋಡ್ ಹುಡುಕಿದೆ. ಪ್ಲೇಟ್‌ಲೆಟ್‌ಗೆ ನಿಜವಾಗಿಯೂ ನೂರರಿಂದ ಭಾಗಿಸುವ ಸಾಲು ಇದೆ. ಟೆಸ್ಟ್ ಹೆಸರುಗಳಿಗೆ ಲೋಯಿಂಕ್ ಕೋಡ್ (ಲ್ಯಾಬ್ ಟೆಸ್ಟ್‌ಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಕೇತ) ಹಾಕಿ ಅಂತ ಹೊಸ ಕಂಪನಿಯವರು ಹೇಳುತ್ತಿದ್ದಾರೆ. ಹಾಕಬೇಕಾ?

ರಕ್ತಪರೀಕ್ಷೆ:
ಹಾಕಿ, ಒಳ್ಳೆಯದು. ಆದರೆ ಎಲ್ಲ ಟೆಸ್ಟ್‌ಗೂ ಒಂದೇ ಸಲ ಕೂರಬೇಡಿ. ದಿನಾ ಆಗುವ ಟೆಸ್ಟ್‌ಗಳಿಂದ ಶುರು ಮಾಡಿ. ಗ್ಲೂಕೋಸ್ ಅಂತ ಒಂದೇ ಹೆಸರಿದ್ದರೂ ಊಟಕ್ಕೆ ಮುಂಚಿನದು, ನಂತರದ್ದು, ಮೂತ್ರದ್ದು, ಬೆರಳಿಗೆ ಚುಚ್ಚಿ ನೋಡಿದ್ದು ಎಲ್ಲಕ್ಕೂ ಬೇರೆ ಬೇರೆ ಕೋಡ್ ಬರುತ್ತದೆ. ಹೆಸರು ನೋಡಿ ಕೋಡ್ ಹಾಕಿದರೆ ತಪ್ಪುತ್ತದೆ.

ವಾರ್ಡ್‌ರೌಂಡ್ಸ್:
ನಾನು ಡಾಕ್ಟರ್. ನನ್ನದು ಒಂದೇ ಬೇಡಿಕೆ. ತಿದ್ದಿದ ರಿಸಲ್ಟ್ ತಿದ್ದಿದ್ದು ಅಂತ ಕಾಣಬೇಕು.

ಕಲ್ಚರ್ ರಿಪೋರ್ಟ್, ಅಂದರೆ ಸ್ಯಾಂಪಲ್‌ನಲ್ಲಿ ಯಾವ ರೋಗಾಣು ಬೆಳೆಯಿತು ಅನ್ನೋ ರಿಪೋರ್ಟ್, ಮೊದಲು ತಾತ್ಕಾಲಿಕವಾಗಿ ಬರುತ್ತದೆ. ಎರಡು ದಿನದ ಮೇಲೆ ಅಂತಿಮ ರಿಪೋರ್ಟ್ ಬರುತ್ತದೆ, ಯಾವ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಅಂತ ಗೊತ್ತಾಗುವುದೇ ಆಗ. ಕೆಲವು ಸಲ ಲ್ಯಾಬ್‌ನವರೇ ಸ್ಯಾಂಪಲ್ ಅದಲುಬದಲಾಗಿದೆ ಅಂತ ತಿಳಿದು ರಿಸಲ್ಟ್ ತಿದ್ದುತ್ತಾರೆ. ಲ್ಯಾಬ್ ಸ್ಕ್ರೀನ್‌ನಲ್ಲಿ ಸರಿಯಾಗಿದ್ದು ನನ್ನ ಟ್ಯಾಬ್‌ನಲ್ಲಿ ಹಳೇದೇ ಉಳಿದರೆ? ಬೆಳಗ್ಗೆ ಒಮ್ಮೆ ನೋಡಿ ಔಷಧಿ ಬರೆದಾಗಿದೆ, ಮತ್ತೆ ತೆರೆದು ನೋಡಲು ನನಗೆ ಕಾರಣವೇ ಇರುವುದಿಲ್ಲ. ಮೌನವಾಗಿ ಬದಲಾದರೂ ಕಷ್ಟ, ಬದಲಾಗದಿದ್ದರೂ ಕಷ್ಟ. ಹಳೇ ರಿಸಲ್ಟ್‌ಗೆ ಅಡ್ಡಗೀಟು, ಪಕ್ಕದಲ್ಲಿ ಹೊಸದು, ಜೊತೆಗೆ ನನ್ನ ಫೋನ್‌ಗೆ ಒಂದು ಮೆಸೇಜ್. ಇಷ್ಟು ಮಾಡಿಕೊಡಿ.

ಸೇತುಬಂಧ:
ಡಾಕ್ಟರ್ ಹೇಳಿದ್ದಕ್ಕೆ ಎಚ್‌ಎಲ್7ನಲ್ಲಿ ಜಾಗ ಇದೆ. ಓಬಿಎಕ್ಸ್ ಸಾಲಿನ ಹನ್ನೊಂದನೇ ಕಾಲಂ. ಪಿ ಅಂದರೆ ತಾತ್ಕಾಲಿಕ, ಎಫ್ ಅಂದರೆ ಅಂತಿಮ, ಸಿ ಅಂದರೆ ತಿದ್ದಿದ್ದು. ಲ್ಯಾಬ್ ಸಾಫ್ಟ್‌ವೇರ್ ಸಿ ಕಳಿಸುತ್ತದಾ, ಟ್ಯಾಬ್ ಸಾಫ್ಟ್‌ವೇರ್ ಅದನ್ನು ಓದುತ್ತದಾ, ಎರಡನ್ನೂ ನಿಮ್ಮ ಕಣ್ಣೆದುರೇ ಮಾಡಿ ತೋರಿಸಲು ಹೇಳಿ. ಡೆಮೋದಲ್ಲಿ ಎಲ್ಲರೂ ಹೊಸ ರಿಸಲ್ಟ್ ಬರುವುದನ್ನೇ ತೋರಿಸುತ್ತಾರೆ. ತಿದ್ದುವುದು, ಟೆಸ್ಟ್ ರದ್ದು ಮಾಡುವುದು, ಒಂದೇ ಸಂದೇಶ ಎರಡು ಸಲ ಬರುವುದು, ಇವನ್ನು ನೀವೇ ಕೇಳಿ ಮಾಡಿಸಬೇಕು. ಎರಡು ಸಲ ಬಂದ ಆರ್ಡರ್‌ಗೆ ಎರಡು ಬಿಲ್ ಆದರೆ ರೋಗಿಯ ಮನೆಯವರು ಕೌಂಟರ್‌ನಲ್ಲಿ ನಿಂತು ಅಳಬೇಕಾಗುತ್ತದೆ.

ಗಡಿಯಾರವನ್ನೂ ಮರೆಯಬೇಡಿ. ಹಳೇ ಡೇಟಾಬೇಸ್‌ನಲ್ಲಿ ಸಮಯ ಇರುತ್ತದೆ, ಯಾವ ದೇಶದ ಸಮಯ ಅಂತ ಇರುವುದಿಲ್ಲ. ಹೊಸದು ಅದನ್ನು ಗ್ರೀನ್‌ವಿಚ್ ಸಮಯ ಅಂತ ತಿಳಿದರೆ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ರಾತ್ರಿ ಎಂಟಕ್ಕೆ ಕೊಟ್ಟ ಇಂಜೆಕ್ಷನ್ ಮಾರನೇ ದಿನ ಒಂದೂವರೆಯದ್ದಾಗುತ್ತದೆ. ಮುಂದಿನ ಡೋಸ್ ಲೆಕ್ಕ ಅಲ್ಲಿಗೇ ಹಾಳು.

ರೆಕಾರ್ಡ್‌ರೂಮ್:
ಎಂಆರ್‌ಡಿಯಲ್ಲಿ, ಅಂದರೆ ರೋಗಿಗಳ ದಾಖಲೆ ವಿಭಾಗದಲ್ಲಿ, ಕೆಲಸ ಮಾಡುವವಳು ನಾನು. ಒಂದೇ ರೋಗಿಗೆ ಎರಡು ಮೂರು ಯುಎಚ್‌ಐಡಿ ಇರುವುದನ್ನು ದಿನಾ ನೋಡುತ್ತೇವೆ. ಕಾರ್ಡ್ ಮನೆಯಲ್ಲಿ ಬಿಟ್ಟು ಬಂದಿರುತ್ತಾರೆ, ಕ್ಯೂ ಉದ್ದ ಇರುತ್ತದೆ, ಕೌಂಟರ್‌ನವರು ಹೊಸ ನಂಬರ್ ಕೊಟ್ಟುಬಿಡುತ್ತಾರೆ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿಯೇ ಎಷ್ಟೋ. ಹೊಸ ಸಾಫ್ಟ್‌ವೇರ್‌ನಲ್ಲಿ ಸರ್‌ನೇಮ್ ಕಡ್ಡಾಯ ಅಂತ ಇದ್ದರೆ ಮೊದಲು ಅದನ್ನು ತೆಗೆಸಿ. ಇಲ್ಲದಿದ್ದರೆ ಕೌಂಟರ್‌ನವರು ಚುಕ್ಕಿ ಹಾಕಿ ಮುಂದೆ ಹೋಗುತ್ತಾರೆ, ಅರ್ಧ ಜಿಲ್ಲೆಯ ಸರ್‌ನೇಮ್ ಚುಕ್ಕಿಯಾಗುತ್ತದೆ.

ಫೋನ್ ನಂಬರ್ ನೋಡಿ ಒಬ್ಬರೇ ಅಂತ ತೀರ್ಮಾನ ಮಾಡಬೇಡಿ. ಮನೆಗೆಲ್ಲ ಒಂದೇ ಫೋನ್ ಇರುತ್ತದೆ. ಎಷ್ಟೋ ಸಲ ಅದು ಮಗನ ಫೋನ್.

ಹೆರಿಗೆ ವಾರ್ಡ್ ಬಗ್ಗೆ ಬೇರೆಯಾಗಿಯೇ ಕೂತು ಮಾತಾಡಿ. ಮಗುವಿಗೆ ಹೆಸರಿಟ್ಟಿರುವುದಿಲ್ಲ. ತಾಯಿಯ ಹೆಸರಿನ ಮುಂದೆ ಬೇಬಿ ಆಫ್ ಅಂತ ಹಾಕುತ್ತೇವೆ. ಅವಳಿ ಆದರೆ ಒಂದು, ಎರಡು. ಆರು ತಿಂಗಳ ಮೇಲೆ ಲಸಿಕೆಗೆ ಬಂದಾಗ ಮಗುವಿಗೆ ಬೇರೆ ಹೆಸರು. ತಾಯಿಯ ನಂಬರ್‌ಗೂ ಮಗುವಿನ ನಂಬರ್‌ಗೂ ಇರುವ ನಂಟು ಹೊಸ ಸಾಫ್ಟ್‌ವೇರ್‌ಗೆ ಹೋಗದಿದ್ದರೆ ಆ ಮಗು ಹೊಸ ರೋಗಿಯಾಗಿಬಿಡುತ್ತದೆ. ಹುಟ್ಟಿದಾಗಿನ ಕಾಮಾಲೆಯ ರಿಪೋರ್ಟ್ ಯಾರಿಗೂ ಕಾಣುವುದಿಲ್ಲ.

ಎರಡು ನಂಬರ್ ಸೇರಿಸುವ ಅಧಿಕಾರ ಎಂಆರ್‌ಡಿಗೆ ಮಾತ್ರ ಇರಲಿ. ಒಬ್ಬರಿಗೆ ಎರಡು ಫೈಲ್ ಇದ್ದರೆ ಹಳೇ ರಿಪೋರ್ಟ್ ಸಿಗುವುದಿಲ್ಲ, ಅಷ್ಟೇ. ಇಬ್ಬರ ಫೈಲ್ ಒಂದಾದರೆ ಒಬ್ಬರ ಬ್ಲಡ್ ಗ್ರೂಪ್ ಇನ್ನೊಬ್ಬರಿಗೆ ಹೋಗುತ್ತದೆ. ತಾನೇ ಸೇರಿಸುವ ಆಟೋ ಮರ್ಜ್ ಆಯ್ಕೆ ಇದ್ದರೆ ಆಫ್ ಮಾಡಿಸಿ.

ಸೇತುಬಂಧ:
ಮೇಡಂ ಮಾತಿಗೆ ಒಂದು ಸೇರಿಸುತ್ತೇನೆ. ಹಳೇದರಲ್ಲಿ ಎರಡು ನಂಬರ್ ಸೇರಿಸಿದಾಗ ಉಳಿದ ಕಡೆಗೂ ಸುದ್ದಿ ಹೋಗಬೇಕು. ಅದಕ್ಕೆ ಎ40 ಅನ್ನೋ ಸಂದೇಶ ಇದೆ. ಅದನ್ನು ಓದಲು ಬರುತ್ತದಾ ಅಂತ ಕಂಪನಿಯವರಿಂದ ಬರೆಸಿಕೊಳ್ಳಿ.

ಅಕ್ಷರಪ್ರೇಮಿ:
ಯಾರೂ ಇನ್ನೂ ಎತ್ತದ ವಿಷಯ. ತುಂಗಾತೀರ ಅವರೇ, ನಿಮ್ಮ ಹಳೇ ಡೇಟಾಬೇಸ್‌ನಲ್ಲಿ ಕನ್ನಡ ಇದೆಯಾ? ಊರಿನ ಹೆಸರು, ಡಿಸ್ಚಾರ್ಜ್ ಸಲಹೆ, ಔಷಧಿ ಹೇಗೆ ತಗೊಳ್ಳಬೇಕು ಅನ್ನೋ ಸಾಲುಗಳು?

ತುಂಗಾತೀರ:
ಇದೆ ಸರ್. ಊರು ಮತ್ತು ಡಿಸ್ಚಾರ್ಜ್ ಸಲಹೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾರೆ. ಹಳೇ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಹೊಸದರಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತಿದೆ.

ಅಕ್ಷರಪ್ರೇಮಿ:
ಹಾಗಾದರೆ ಅದು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಹಳೇ ಆಸ್ಕಿ ಫಾಂಟ್. ಒಳಗಿರುವುದು ಲ್ಯಾಟಿನ್ ಸಂಕೇತಗಳೇ, ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತಿತ್ತು. ಪರಿವರ್ತಕಗಳು ಸಿಗುತ್ತವೆ, ಆದರೆ ಕಣ್ಣುಮುಚ್ಚಿ ಓಡಿಸಬೇಡಿ. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ ಮತ್ತು ಹಲಂತ ಮೊದಲು ಬರಬೇಕು. ತೀರ್ಥಹಳ್ಳಿ, ದುರ್ಗ, ಕಾರ್ಕಳ ಇಂಥ ಹೆಸರುಗಳನ್ನು ಆರಿಸಿ ಪರೀಕ್ಷೆ ಮಾಡಿ. ಒಂದೇ ಕಾಲಂನಲ್ಲಿ ಕೆಲವು ಸಾಲು ನುಡಿಯಲ್ಲಿ, ಕೆಲವು ನಿಜವಾದ ಇಂಗ್ಲಿಷಿನಲ್ಲಿ ಇದ್ದರೆ ಇನ್ನೂ ಕಷ್ಟ. ಯಾವುದು ಯಾವುದು ಅಂತ ಡೇಟಾಬೇಸ್ ಹೇಳುವುದಿಲ್ಲ. ಪರಿವರ್ತಕ ಇಂಗ್ಲಿಷ್ ಔಷಧಿ ಹೆಸರನ್ನೂ ಕನ್ನಡದ ಕಲಸುಮೇಲೋಗರ ಮಾಡುತ್ತದೆ. ಹಾಗಾಗಿ ಮೂಲ ಕಾಲಂ ಮುಟ್ಟಬೇಡಿ, ಪಕ್ಕದಲ್ಲಿ ಹೊಸ ಕಾಲಂ ಮಾಡಿ ಅದರಲ್ಲಿ ಹಾಕಿ.

ಆ ಹೊಸ ಕಾಲಂ ಯೂನಿಕೋಡ್ ಇಡಬಲ್ಲ ಎನ್‌ವಾರ್‌ಚಾರ್ ಬಗೆಯದ್ದಾಗಿರಲಿ. ನಿಮ್ಮಂಥ ಹಳೇ ಎಸ್‌ಕ್ಯೂಎಲ್ ಸರ್ವರ್‌ನ ಸಾಮಾನ್ಯ ವಾರ್‌ಚಾರ್ ಕಾಲಂಗೆ ಯೂನಿಕೋಡ್ ಕನ್ನಡ ಹೋದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ಅವು ಒಮ್ಮೆ ಸೇವ್ ಆದರೆ ಮೂಲ ಅಕ್ಷರ ವಾಪಸ್ ಬರುವುದಿಲ್ಲ. ಊಟದ ನಂತರ ಒಂದು ಮಾತ್ರೆ ಅನ್ನೋ ಸಾಲು ಪ್ರಶ್ನೆಗಳ ಸಾಲಾಗಿ ರೋಗಿಯ ಕೈಗೆ ಹೋಗುವುದನ್ನು ನೋಡಲು ನನಗೆ ಮನಸ್ಸಿಲ್ಲ. ಕನ್ನಡ ಮಾತ್ರ ಓದಬಲ್ಲವರಿಗೆ ಆ ಚೀಟಿಯೇ ಡಾಕ್ಟರ್.

ವಾರ್ಡ್‌ರೌಂಡ್ಸ್:
ಈ ಕೊನೆಯ ಮಾತನ್ನು ನಮ್ಮ ಆಸ್ಪತ್ರೆಯ ಐಟಿಯವರಿಗೂ ಕಳಿಸುತ್ತೇನೆ.

ಕೇಬಲ್‌ಕೋಣೆ:
ಭದ್ರತೆ ಬಗ್ಗೆ. ಅನಲೈಸರ್ ಪಕ್ಕದ ಕಂಪ್ಯೂಟರ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯೋ 7ಓ ಇದ್ದೇ ಇರುತ್ತದೆ. ಎಕ್ಸ್‌ಪಿಗೆ 2014ರಲ್ಲಿ, 7ಕ್ಕೆ 2020ರಲ್ಲಿ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದೆ. ಮಷಿನ್ ಕಂಪನಿಯವರು ಬದಲಿಸಲು ಬಿಡುವುದಿಲ್ಲ. ಅಂಥವನ್ನು ಬೇರೆ ವಿಲ್ಯಾನ್‌ನಲ್ಲಿ (ನೆಟ್‌ವರ್ಕ್‌ನೊಳಗೇ ಬೇರ್ಪಡಿಸಿದ ಭಾಗದಲ್ಲಿ) ಇಡಿ, ಲ್ಯಾಬ್ ಸರ್ವರ್ ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡದ ಹಾಗೆ ಮಾಡಿ. ಇಂಟರ್ನೆಟ್ ಅಂತೂ ಬೇಡವೇ ಬೇಡ.

ನಡುವಿನ ಸಂದೇಶಗಳಿಗೆ ಮಿರ್ತ್ ಕನೆಕ್ಟ್ (ಸಂದೇಶಗಳನ್ನು ಬದಲಿಸಿ ರವಾನಿಸುವ ಸಾಫ್ಟ್‌ವೇರ್) ಹಾಕುವ ಯೋಚನೆ ಇದ್ದರೆ ಎರಡು ವಿಷಯ ತಿಳಿದಿರಲಿ. 4.4.1ಕ್ಕಿಂತ ಹಳೇ ಆವೃತ್ತಿಯಲ್ಲಿ ಲಾಗಿನ್ ಇಲ್ಲದೆಯೇ ಹೊರಗಿನವರು ಸರ್ವರ್ ಮೇಲೆ ಕಮಾಂಡ್ ಓಡಿಸಬಹುದಾದ ದೋಷ 2023ರಲ್ಲಿ ಹೊರಬಂತು. ಯಾರೋ ಹಾಕಿಟ್ಟು ಹೋದ ಹಳೇದಿದ್ದರೆ ಇವತ್ತೇ ನೋಡಿ. ಎರಡನೆಯದು, 2025ರ ಮಾರ್ಚ್‌ನಲ್ಲಿ ಬಂದ 4.6ರಿಂದ ಅದು ಓಪನ್ ಸೋರ್ಸ್ ಅಲ್ಲ. ಹಳೇ ಕೋಡ್ ಹಿಡಿದು ಓಪನ್ ಇಂಟಿಗ್ರೇಷನ್ ಎಂಜಿನ್, ಬ್ರಿಜ್‌ಲಿಂಕ್ ಅಂತ ಕವಲುಗಳು ಹುಟ್ಟಿವೆ. ಬಜೆಟ್ ನೋಡಿ ತೀರ್ಮಾನ ಮಾಡಿ.

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ದಾಳಿ ಆದಾಗ ಅಷ್ಟು ದೊಡ್ಡ ಆಸ್ಪತ್ರೆ ದಿನಗಟ್ಟಲೆ ಪೇಪರ್ ಮೇಲೆ ನಡೆಯಿತು. ನಿಮ್ಮಲ್ಲೂ ಮುದ್ರಿಸಿದ ಫಾರಂ ಕಟ್ಟು ವಾರ್ಡ್‌ನಲ್ಲಿ ಸಿದ್ಧವಿರಲಿ. ಪ್ರತಿ ಫಾರಂ ಮೇಲೂ ಮೊದಲೇ ನಂಬರ್ ಇರಲಿ. ಲೈನ್ ವಾಪಸ್ ಬಂದ ಮೇಲೆ ಯಾರು ಕೂತು ಅದನ್ನೆಲ್ಲ ಎಂಟ್ರಿ ಮಾಡುತ್ತಾರೆ ಅನ್ನೋದೂ ಈಗಲೇ ಗೊತ್ತಾಗಿರಲಿ.

ತುಂಗಾತೀರ:
ಎಲ್ಲರ ಮಾತನ್ನೂ ಪ್ರಿಂಟ್ ತೆಗೆದು ಸೂಪರಿಂಟೆಂಡೆಂಟ್ ಅವರಿಗೆ ಕೊಟ್ಟಿದ್ದೇನೆ. ಯಜಮಾನರ ಹಾಳೆಗೆ ಸೋಮವಾರ ಎಲ್ಲ ವಿಭಾಗದವರನ್ನೂ ಕರೆದಿದ್ದಾರೆ. ಇನ್ನೆರಡು ಪ್ರಶ್ನೆ. ಡಿಜಿಟಲ್ ಮಿಷನ್‌ಗೆ ಯಾವಾಗ ಸೇರೋದು? ಮತ್ತೆ, ಹಳೇದರಲ್ಲಿ ಬರೀ ವಯಸ್ಸು ಇದೆ, ಹುಟ್ಟಿದ ದಿನ ಇಲ್ಲ. ಹೊಸದು ಹುಟ್ಟಿದ ದಿನ ಕೇಳುತ್ತಿದೆ. ಎಲ್ಲರಿಗೂ ಜನವರಿ 1 ಹಾಕಿ ಅನ್ನುತ್ತಿದ್ದಾರೆ.

ಸೇತುಬಂಧ:
ಮಿಷನ್ ಕೆಲಸ ಮೂರು ಹಂತದ್ದು. ಮೊದಲನೆಯದು ರೋಗಿಯ 14 ಅಂಕಿಯ ಆಭಾ ನಂಬರ್ (ಮಿಷನ್‌ನ ಆರೋಗ್ಯ ಗುರುತಿನ ನಂಬರ್) ಮಾಡುವುದು, ಪರಿಶೀಲಿಸುವುದು. ಎರಡನೆಯದು ರೋಗಿ ಒಪ್ಪಿದರೆ ನಿಮ್ಮ ರಿಪೋರ್ಟ್ ಬೇರೆಯವರಿಗೆ ಕೊಡುವುದು. ಮೂರನೆಯದು ಬೇರೆ ಕಡೆಯ ರಿಪೋರ್ಟ್ ನೀವು ತರಿಸಿಕೊಳ್ಳುವುದು. ಮೊದಲ ಹಂತ ಈಗಲೇ ಮಾಡಬಹುದು. ಆಭಾವನ್ನು ಯುಎಚ್‌ಐಡಿ ಪಕ್ಕದಲ್ಲಿ ಇಡಿ, ಅದರ ಜಾಗದಲ್ಲಿ ಇಡಬೇಡಿ. ಆಭಾ ರೋಗಿಯ ಇಷ್ಟಕ್ಕೆ ಬಿಟ್ಟಿದ್ದು, ಎಲ್ಲರ ಹತ್ತಿರವೂ ಇರುವುದಿಲ್ಲ. ಇಲ್ಲ ಅಂತ ಯಾರನ್ನೂ ಕೌಂಟರ್‌ನಿಂದ ವಾಪಸ್ ಕಳಿಸುವ ಹಾಗಾಗಬಾರದು.

ಎರಡನೇ ಹಂತಕ್ಕೆ ಎಚ್‌ಎಲ್7 ಸಂಸ್ಥೆಯದೇ ಹೊಸ ಮಾನದಂಡ ಫೈರ್ (FHIR), ಅದರ ನಾಲ್ಕನೇ ಆವೃತ್ತಿಯಲ್ಲಿ ಕಡತ ಕಟ್ಟಬೇಕು. ಪಿಡಿಎಫ್ ರಿಪೋರ್ಟನ್ನು ಅದರೊಳಗೆ ಇಟ್ಟು ಕಳಿಸಲು ಅವಕಾಶ ಇದೆ. ಹಳೇ ರಿಪೋರ್ಟ್‌ಗಳಿಗೆ ಅಷ್ಟು ಸಾಕು. ಹೊಸವನ್ನು ಅಂಕಿ, ಯೂನಿಟ್ ಸಮೇತ ಕಳಿಸಿ. ಆದರೆ ಯೂನಿಟ್, ನಂಬರ್ ಗೊಂದಲ ಬಗೆಹರಿಯುವ ತನಕ ಎರಡನೇ ಹಂತಕ್ಕೆ ಕೈ ಹಾಕಬೇಡಿ. ಈಗ ತಪ್ಪಿದರೆ ನಿಮ್ಮ ಆಸ್ಪತ್ರೆಯೊಳಗೆ ತಪ್ಪುತ್ತದೆ. ಆಮೇಲೆ ಅದು ಊರೂರಿಗೂ ಹೋಗುತ್ತದೆ.

ಜನವರಿ 1 ಬೇಡ. ಅದು ನಿಜವಾದ ಹುಟ್ಟಿದ ದಿನವೋ, ತುಂಬಿಸಿದ್ದೋ ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಎಚ್‌ಎಲ್7ನಲ್ಲೂ ಫೈರ್‌ನಲ್ಲೂ ಬರೀ ಇಸವಿ ಕಳಿಸಬಹುದು. ನೋಂದಣಿ ಮಾಡಿದ ದಿನಾಂಕದಿಂದ ವಯಸ್ಸು ಕಳೆದು ಇಸವಿ ತಗೊಳ್ಳಿ. ಹೊಸ ಸಾಫ್ಟ್‌ವೇರ್ ಪೂರ್ತಿ ದಿನಾಂಕವೇ ಬೇಕು ಅಂತ ಹಟ ಮಾಡಿದರೆ, ಇದು ಅಂದಾಜು ಅಂತ ಗುರುತು ಹಾಕುವ ಇನ್ನೊಂದು ಕಾಲಂ ಕೇಳಿ, ಸ್ಕ್ರೀನ್ ಮೇಲೂ ಅದು ಕಾಣಲಿ. ಮಕ್ಕಳಿಗೆ ಮಾತ್ರ ಅಂದಾಜು ಒಪ್ಪಬೇಡಿ. ಅವರ ನಾರ್ಮಲ್ ರೇಂಜ್ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ರೆಕಾರ್ಡ್‌ರೂಮ್:
ಮಕ್ಕಳದ್ದಾದರೆ ತಾಯಿ ಕಾರ್ಡ್ ಕೇಳಿ, ಹುಟ್ಟಿದ ದಿನ ಅದರಲ್ಲಿ ಬರೆದಿರುತ್ತಾರೆ. ಲಸಿಕೆಗೆ ಬರುವಾಗ ಹೇಗೂ ತಂದಿರುತ್ತಾರೆ. ಲಸಿಕೆ ಕೊಠಡಿಯ ಸಿಸ್ಟರ್‌ಗೆ ಹೇಳಿದರೆ ಅಲ್ಲೇ ನೋಡಿ ತುಂಬಿಸಬಹುದು, ಅದಕ್ಕೆ ಅವರಿಗೊಂದು ಲಾಗಿನ್ ಕೊಡಿ.